ಮಹೇಶ್ವರಿಯ ಬಿಚ್ಚದ ಹೊಲಿಗೆ

ನಮ್ಮ ಕಡೆ ಹೊಸ ಕಾರು ತಂದವನು ಮೊದಲು ಬಾನೆಟ್ಟಿನ ಮೇಲೆ ಗುದ್ದಿ ನೋಡುತ್ತಾನೆ. ಆಮೇಲೆ ಬಾಗಿಲಿನ ತಗಡನ್ನು ಹೆಬ್ಬೆರಳಿನಿಂದ ಒತ್ತುತ್ತಾನೆ. ಒಳಗೆ ಹೋದರೆ ಡಬ್ಬಿ, ಹೋಗದಿದ್ದರೆ ಗಟ್ಟಿ ಗಾಡಿ. ಎಲ್ಲೋ ದೊಡ್ಡ ಶೆಡ್ಡಿನಲ್ಲಿ ಎಂಜಿನಿಯರುಗಳು ಕಾರಿನೊಳಗೆ ಗೊಂಬೆ ಕೂರಿಸಿ, ಗುದ್ದಿಸಿ, ಐದರಲ್ಲಿ ಎಷ್ಟು ಸ್ಟಾರ್ ಎಂದು ಹೇಳುತ್ತಾರಂತೆ. ನಮ್ಮವರು ಅದನ್ನು ಒಂದು ಹೆಬ್ಬೆರಳಿನಲ್ಲಿ ಮುಗಿಸುತ್ತಾರೆ. ಕೊಪ್ಪಳದ ಗಂಗಾವತಿ ರಸ್ತೆಯಲ್ಲಿ ಸೀಟ್ ಕವರು, ಮ್ಯಾಟು, ಹಾರ್ನು ಮಾರಿಕೊಂಡು ಕುಳಿತಿರುವ ನಾನು, ಕೊಟ್ರಬಸಪ್ಪ, ಇಂಥ ಹೆಬ್ಬೆರಳುಗಳನ್ನು ನೋಡಿ ನೋಡಿ ಬೇಸತ್ತಿದ್ದೇನೆ.

ಸಿಟ್ಟು ನನ್ನ ಮೂಗಿನ ತುದಿಯಲ್ಲಿದೆ ಎಂದು ಊರೆಲ್ಲ ಹೇಳುತ್ತದೆ. ಹೇಳಲಿ, ಸುಳ್ಳೇನಲ್ಲ. ಆದರೆ ಇದು ನನ್ನ ಕಥೆಯಲ್ಲ. ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಹದಿನಾರು ವರ್ಷದಿಂದ ಸೀಟ್ ಕವರ್ ಹೊಲಿಯುತ್ತಿರುವ ಮಹೇಶ್ವರಿಯ ಕಥೆ. ಯಲಬುರ್ಗಾ, ಕುಷ್ಟಗಿ, ಗಂಗಾವತಿ, ಎಲ್ಲಿಂದ ಬಂದವನೂ ಅವಳ ಹೊಲಿಗೆಯನ್ನೇ ಕೇಳುತ್ತಾನೆ. ಸಂದಿಯಲ್ಲಿ ಎರಡು ಬೆರಳು ತುರುಕಿ, ಹಲ್ಲು ಕಚ್ಚಿ ಎಳೆದು ನೋಡುತ್ತಾನೆ. ಬಟ್ಟೆ ಕಿರ್ ಎನ್ನುತ್ತದೆ, ಹೊಲಿಗೆ ಮಾತ್ರ ಅಲುಗುವುದಿಲ್ಲ. ಆಗ ಅವಳು ಒಳಗಿನಿಂದ, ತಲೆ ಎತ್ತದೆಯೇ, "ಎಳೀರಿ ಎಳೀರಿ, ನಿಮ್ಮ ಬೆರಳು ಮುರಿಬೇಕು, ಅದು ಬಿಚ್ಚಂಗಿಲ್ಲ" ಅನ್ನುತ್ತಿದ್ದಳು. ಈಗ ಅನ್ನುವುದಿಲ್ಲ.

ಅವಳ ಊರು ತಳಕಲ್. ತಂದೆ ವಿರುಪಣ್ಣ ಕೂಲಿ ಮಾಡುತ್ತಿದ್ದವನು. ೧೯೯೭ರ ಆಗಸ್ಟಿನಲ್ಲಿ ಕೊಪ್ಪಳ ಹೊಸ ಜಿಲ್ಲೆಯಾಯಿತಲ್ಲ, ಆ ಸಂಭ್ರಮ ನೋಡಲು ಊರಿನ ಇಪ್ಪತ್ತೆರಡು ಜನ ಒಂದೇ ಜೀಪಿನಲ್ಲಿ ತುಂಬಿಕೊಂಡು ಹೊರಟರು. ಹಿಂಬಾಗಿಲಿನ ಚಿಲಕ ಮುರಿದಿತ್ತು, ಡ್ರೈವರು ಹಗ್ಗದಿಂದ ಕಟ್ಟಿದ್ದ. ಭಾನಾಪುರ ದಾಟಿದ ಮೇಲೆ ಜೀಪು ಒಂದು ಗುಂಡಿಯಲ್ಲಿ ಎಗರಿತು, ಗಂಟು ಬಿಚ್ಚಿತು, ಬಾಗಿಲಿಗೆ ಒರಗಿ ನಿಂತಿದ್ದ ವಿರುಪಣ್ಣ ರಸ್ತೆಗೆ ಬಿದ್ದ. ಹಿಂದೆಯೇ ಲಾರಿ ಬರುತ್ತಿತ್ತು. ಹೆಣವನ್ನು ಬೇರೆ ಗಾಡಿಯಲ್ಲಿ ಹಾಕಿ ಕಳಿಸಿ, ಉಳಿದವರಲ್ಲಿ ಅರ್ಧ ಜನ ಹೇಗೂ ಹೊರಟಿದ್ದೇವೆಂದು ಕೊಪ್ಪಳಕ್ಕೆ ಹೋಗಿ ಸಂಭ್ರಮ ನೋಡಿಕೊಂಡೇ ಬಂದರು.

ಮಹೇಶ್ವರಿಗೆ ಆಗ ಹದಿನಾಲ್ಕು ವರ್ಷ, ತಮ್ಮ ಯಂಕೇಶನಿಗೆ ಮೂರು. ಹೆಣದ ಜೊತೆ ಆ ಹಗ್ಗವೂ ಬಂದಿತ್ತಂತೆ. ಅದನ್ನು ಅವಳು ಕೈಯಲ್ಲಿ ಹಿಡಿದು ನೋಡಿದ್ದಳು. "ಹರದಿರಲಿಲ್ಲರಿ ಮಾಲಕರ, ಬಿಚ್ಚಿತ್ತು. ಛಲೋತ್ನ್ಯಾಗ ಕಟ್ಟಿದ್ರ ನಮ್ಮಪ್ಪ ಉಳೀತಿದ್ದ" ಎಂದು ನನ್ನ ಮುಂದೆ ನೂರು ಸಲ ಹೇಳಿದ್ದಾಳೆ. ಬಿಚ್ಚುವ ಯಾವುದನ್ನು ಕಂಡರೂ ಅವಳಿಗೆ ಆಗುತ್ತಿರಲಿಲ್ಲ. ತಮ್ಮನ ಚಡ್ಡಿಯ ಲಾಡಿಗೂ ಎರಡೆರಡು ಗಂಟು ಹಾಕುತ್ತಿದ್ದಳಂತೆ.

ತಾಯಿ ಮುದಕಮ್ಮ ಮಕ್ಕಳನ್ನು ಕಟ್ಟಿಕೊಂಡು ಕೊಪ್ಪಳಕ್ಕೆ ಬಂದು ಕಲ್ಲು ಹೊರುವ ಕೆಲಸಕ್ಕೆ ನಿಂತಳು. ಬಸ್ ಸ್ಟ್ಯಾಂಡಿನ ಹಿಂದೆ ಮರ್ದಾನಸಾಬನ ಕುಶನ್ ಅಂಗಡಿ ಇತ್ತು. ಲಾರಿಯ ಮೇಲೆ ಹೊದಿಸುವ ತಾಡಪತ್ರಿ, ಟ್ರ್ಯಾಕ್ಟರ್ ಸೀಟು, ಜೀಪಿನ ಹುಡ್ಡು ಎಲ್ಲ ಅವನೇ ಹೊಲಿಯುತ್ತಿದ್ದ. ಹಳೆಯ ಸೀಟಿನ ನಾರು ಹಿಂಜಲು ಹುಡುಗಿ ಅಲ್ಲಿಗೆ ಹೋಗತೊಡಗಿದಳು, ತಮ್ಮನನ್ನು ಅದೇ ನಾರಿನ ರಾಶಿಯ ಮೇಲೆ ಮಲಗಿಸಿ. ಎರಡು ವರ್ಷದಲ್ಲಿ ಮಷೀನು ಹಿಡಿದಳು. ದಾರಕ್ಕೆ ಮೇಣ ಹಚ್ಚಿ, ಹೊಲಿಗೆಯ ಮೇಲೆ ಇನ್ನೊಂದು ಹೊಲಿಗೆ ಹಾಕಿ, ತುದಿಯಲ್ಲಿ ಮೂರು ಸಲ ಹಿಂದೆ ಮುಂದೆ ಓಡಿಸುವುದು ಮರ್ದಾನಸಾಬ ಕಲಿಸಿದ ತಾಡಪತ್ರಿಯ ಹೊಲಿಗೆ. "ಬೇಟಿ, ಬಟ್ಟಿ ಹರದ್ರ ಬಟ್ಟಿದು ತಪ್ಪು, ಹೊಲಿಗಿ ಬಿಚ್ಚಿದ್ರ ನಿಂದ ತಪ್ಪು" ಎಂದು ಅವನು ಹೇಳಿದ್ದನ್ನು ಅವಳು ಎದೆಯಲ್ಲಿ ಇಟ್ಟುಕೊಂಡಳು.

ಮದುವೆ ಎಂಬುದು ಎರಡು ಸಲ ಬಾಗಿಲ ತನಕ ಬಂತು. ಒಬ್ಬರು ತಮ್ಮನನ್ನು ಬಿಟ್ಟು ಬರಬೇಕೆಂದರು, ಅವಳೇ ಒಲ್ಲೆ ಎಂದಳು. ಅಳವಂಡಿಯಿಂದ ಬಂದವರಲ್ಲಿ ಗಂಡಿನ ತಾಯಿ ಇವಳ ಕೈ ಹಿಡಿದು, ಸೂಜಿ ಚುಚ್ಚಿ ಗಡ್ಡೆಗಟ್ಟಿದ ಬೆರಳನ್ನು ಎಲ್ಲರಿಗೂ ಎತ್ತಿ ತೋರಿಸಿ, "ಈ ಬೆರಳಿಲೆ ಹಿಟ್ಟು ನಾದ್ತಾಳೇನವಾ ಈಕಿ? ರೊಟ್ಟಿ ತುಂಬ ಮೇಣ ಬರತೈತಿ" ಎಂದು ನಕ್ಕಳಂತೆ. ಅವಲಕ್ಕಿ ತಿಂದು, ಚಹಾ ಕುಡಿದು ಎದ್ದು ಹೋದರು. ಅಲ್ಲಿಗೆ ಆ ಮಾತು ಮುಗಿಯಿತು.

ಮರ್ದಾನಸಾಬ ತೀರಿಕೊಂಡ ಮೇಲೆ, ೨೦೦೯ರಲ್ಲಿ, ತಳ್ಳುಗಾಡಿಯಲ್ಲಿ ಮಷೀನು ಹೇರಿಕೊಂಡು ನನ್ನ ಅಂಗಡಿಯ ಮುಂದೆ ಬಂದು ನಿಂತಳು. ನಾನೇನು ಸುಮ್ಮನೆ ಒಳಗೆ ಕರೆಯುವವನೇ? ಒಂದು ಕವರ್ ಹೊಲಿಸಿ, ಇಕ್ಕಳ ತಂದು, ಗಿರಾಕಿಗಳ ಮುಂದೆಯೇ ಹೊಲಿಗೆಯನ್ನು ಹಿಡಿದು ಎಳೆದೆ. ಬಟ್ಟೆ ಹರಿಯಿತು. ಹೊಲಿಗೆ ಹಾಗೇ ಇತ್ತು. "ನಾಳಿಂದ ಬಾ" ಎಂದೆ. ಶಹಬ್ಬಾಸ್ ಅನ್ನಲಿಲ್ಲ. ಅನ್ನಬೇಕಿತ್ತು, ಆದರೆ ಅಂಥ ಬಾಯಿ ನನಗೆ ದೇವರು ಕೊಟ್ಟಿಲ್ಲ.

ಆ ಹೊಲಿಗೆಯಿಂದಲೇ ಯಂಕೇಶ ಓದಿದ. ಕೃಷಿ ಇಲಾಖೆಯಲ್ಲಿ ನೌಕರಿ ಸಿಕ್ಕಿತು, ಗಂಗಾವತಿಗೆ ಹಾಕಿದರು, ಮನೆ ಮಾತ್ರ ಕೊಪ್ಪಳದಲ್ಲೇ. ಮಗನ ನೌಕರಿ ಕಂಡ ವರ್ಷವೇ ಮುದಕಮ್ಮ ತೀರಿಕೊಂಡಳು. ಮಹೇಶ್ವರಿಯೇ ಮುಂದೆ ನಿಂತು ಕುಷ್ಟಗಿಯ ಲಲಿತಾಳನ್ನು ತಮ್ಮನಿಗೆ ತಂದುಕೊಂಡಳು. ಒಂದು ಹೆಣ್ಣು ಕೂಸಾಯಿತು. ಸಂಜೆ ಕೆಲಸ ಮುಗಿದ ಕೂಡಲೇ ಚಪ್ಪಲಿ ಮೆಟ್ಟಿ ಓಡುತ್ತಿದ್ದಳು ಇವಳು. "ಎಲ್ಲಿ ಬೆಂಕಿ ಬಿದ್ದೈತಿ?" ಎಂದು ನಾನು ಕೂಗಿದರೆ, "ಕೂಸು ಮಕ್ಕೊಂಡ್ರ ನಿಮ್ಮ ಮಾರಿ ನೋಡ್ಕೋಂತ ಕುಂದ್ರಬೇಕೇನ್ರಿ?" ಅನ್ನುತ್ತಿದ್ದಳು. ಅವಳಿಗೆ ಬದುಕಿನಲ್ಲಿ ಇದ್ದದ್ದು ಈ ತಮ್ಮ ಮತ್ತು ಆ ಕೂಸು, ಇಷ್ಟೇ.

ಯಂಕೇಶನಿಗೆ ಗಾಡಿಯೆಂದರೆ ಹೆದರಿಕೆ. ತಂದೆ ಹೋದ ರೀತಿ ಕೇಳಿ ಬೆಳೆದವನು. ಬೈಕು ಮುಟ್ಟಲಿಲ್ಲ, ದಿನಾ ಬಸ್ಸು. ಕೂಸಾದ ಮೇಲೆ ಕಾರು ಬೇಕೆನಿಸಿತು. ಆಗ ಶುರುವಾಯಿತು ನೋಡಿ, ಆರು ತಿಂಗಳು ಆ ಮೊಬೈಲ್ ಹಿಡಿದು ಕಾರು ಗುದ್ದಿಸುವ ವಿಡಿಯೋ ನೋಡಿದ್ದೇ ನೋಡಿದ್ದು. ಯಾವ ಸಣ್ಣ ಕಾರಿಗೆ ಎರಡು ಸ್ಟಾರ್, ಯಾವುದಕ್ಕೆ ಐದು, ಯಾವುದರ ಗೊಂಬೆಯ ಎದೆ ಕೆಂಪು ಬಣ್ಣದಲ್ಲಿ ಬಂದಿದೆ, ಎಲ್ಲ ಬಾಯಿಪಾಠ. ನಾನು ತಮಾಷೆಗೆ, "ಏನಪಾ, ಕಾರು ಓಡ್ಸಾಕ ತಗೋತಿ, ಇಲ್ಲಾ ಗುದ್ದಾಕ ತಗೋತಿ?" ಎಂದೆ. ಅವನು ನಗಲಿಲ್ಲ.

ಒಂದು ಮಧ್ಯಾಹ್ನ ಅಂಗಡಿಗೆ ಬಂದು ಅಕ್ಕನ ಮಷೀನಿನ ಮೇಲೆ ಮೊಬೈಲ್ ಇಟ್ಟ. "ಅಕ್ಕಾ, ಇಲ್ಲೆ ನೋಡು. ಇದು ಬಗಲಿನಿಂದ ಗುದ್ದೂ ಪರೀಕ್ಷಿ."

ಪುಟ್ಟ ಕಾರು ನಿಂತಿತ್ತು. ಪಕ್ಕದಿಂದ ದೊಡ್ಡ ಬಂಡಿಯಂಥದ್ದು ಬಂದು ಡ್ರೈವರ್ ಬಾಗಿಲಿಗೆ ಬಡಿಯಿತು. ಬಾಗಿಲು ಒಳಗೆ ಬಂತು. ಅಷ್ಟರಲ್ಲಿ ಸೀಟಿನ ಪಕ್ಕೆಯಿಂದ ಒಂದು ಬಿಳಿ ಚೀಲ ಉಬ್ಬಿ ಬಂದು ಗೊಂಬೆಗೂ ಬಾಗಿಲಿಗೂ ನಡುವೆ ನಿಂತಿತು.

"ಏರ್‌ಬ್ಯಾಗ್ ಅಂತಾರ. ಸೀಟಿನ ಒಳಗ ಮಡಚಿ ಇಟ್ಟಿರ್ತಾರ. ಕಣ್ಣ ಮಿಟಗೂದ್ರಾಗ ಬರಬೇಕು. ಬಂತಂದ್ರ ಎದಿ ಉಳೀತು, ಬರಲಿಲ್ಲಂದ್ರ ಎಲುಬು ಪುಡಿ" ಎಂದ.

ಮಹೇಶ್ವರಿ ಹುಬ್ಬು ಗಂಟಿಕ್ಕಿ ನೋಡಿದಳು. ಅವಳ ಕಣ್ಣು ಇದ್ದದ್ದು ಬೇರೆ ಕಡೆ. "ಯಂಕ್ಯಾ, ಸೀಟಿಗೆ ಕವರೇ ಹಾಕಿಲ್ಲಲ್ಲೋ ಇವರು. ಬರೇ ಸೀಟಿನ ಮ್ಯಾಲ ಕುಂದ್ರಿಸ್ಯಾರಲ್ಲ ಪಾಪ ಗೊಂಬಿನ!"

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

೨೦೨೪ರ ಶ್ರಾವಣದಲ್ಲಿ ಕಾರು ಬಂತು. ಕೆಂಪು ಬಣ್ಣದ ಸಣ್ಣ ಕಾರು, ಐದು ಸ್ಟಾರ್, ಆರು ಏರ್‌ಬ್ಯಾಗ್. ನಮ್ಮಲ್ಲಿ ಹೊಸ ಕಾರಿಗೆ ಪೂಜೆಗೆ ಮೊದಲೇ ಕವರ್ ಹಾಕಿಸಬೇಕು. ಬರೀ ಸೀಟಿನ ಕಾರು ದೇವರ ಮುಂದೆ ನಿಂತರೆ ನೋಡಿದವರು ಬಡತನ ಎಣಿಸುತ್ತಾರೆ. ಅಕ್ಕ ಹದಿನೈದು ದಿನ ಮೊದಲೇ ಬಟ್ಟೆ ಆರಿಸಿ ಇಟ್ಟಿದ್ದಳು. ಯಂಕೇಶ ಮಾತ್ರ, "ಕವರ್ ಬ್ಯಾಡ ಅಕ್ಕಾ, ಕಾರಿನ ಪುಸ್ತಕದಾಗ ಬ್ಯಾಡಂತ ಬರದಾರ" ಎಂದುಬಿಟ್ಟ.

ಅವಳ ಮುಖ ನೋಡಬೇಕಿತ್ತು. "ಊರಿನ ಗಾಡಿಗೆಲ್ಲಾ ನನ್ನ ಹೊಲಿಗಿ. ನಿನ್ನ ಗಾಡಿಗೆ ಬ್ಯಾಡೇನು?" ಎಂದಳು. ಒಳಗೆ ಹೋಗಿ ಕುಳಿತಳು. ಅವನು ಪೇಚಿಗೆ ಬಿದ್ದು ನನ್ನ ಕಡೆ ತಿರುಗಿದ.

ನಾನು ದೊಡ್ಡ ಮನುಷ್ಯ. "ಅದಕ್ಕೊಂದು ರೀತಿ ಐತಪಾ. ಆ ಬಗಲಿಗೆ ಹೊಲೀದ ಬಿಡ್ತಾರ. ಚೀಲ ಆರಾಮ ಹೊರಗ ಬರತೈತಿ. ನಾ ನಿಂತು ಮಾಡಿಸ್ತೀನಿ, ನೀ ಚಿಂತಿ ಬಿಡು" ಎಂದೆ. ಸುಳ್ಳಲ್ಲ, ಕವರ್ ಮಾಲು ತರುವವನು ನನಗೆ ಅದನ್ನು ಬಿಡಿಸಿ ಬಿಡಿಸಿ ಹೇಳಿದ್ದ. ಯಂಕೇಶ ನನ್ನ ಎರಡೂ ಕೈ ಹಿಡಿದು, "ನಿಮ್ಮ ಮ್ಯಾಲ ಭರೋಸಾ ಅಣ್ಣಾರ" ಎಂದು ಹೇಳಿ ಹೂವು ಕಾಯಿ ತರಲು ಹೋದ.

ಅದು ಶ್ರಾವಣ ಸೋಮವಾರ. ಅಂಗಡಿಯ ಮುಂದೆ ಒಂಬತ್ತು ಕಾರು ನಿಂತಿದ್ದವು. ಒಬ್ಬನಿಗೆ ಹಾರ್ನು ಬೇಕು, ಒಬ್ಬನಿಗೆ ಗಾಜಿಗೆ ಪರದೆ ಬೇಕು, ಇನ್ನೊಬ್ಬ ಬಾಗಿಲಿಗೆ ಹೆಬ್ಬೆರಳು ಒತ್ತುತ್ತ ನಿಂತಿದ್ದಾನೆ. ನನ್ನ ತಲೆ ಕಾದ ಹೆಂಚಾಗಿತ್ತು. ಬಗಲು ಬಿಡುವ ಮಾತನ್ನು ಮಹೇಶ್ವರಿಗೆ ಹೇಳುವುದು ನನಗೆ ಮರೆತೇ ಹೋಗಿತ್ತು. ಆಗ ಅವಳು ಕಾರಿನೊಳಗಿಂದ ಕರೆದಳು.

"ಮಾಲಕರ, ಇಲ್ಲೆ ಸೀಟಿನ ಬಗಲಾಗ ಒಂದು ಸಣ್ಣ ಚೀಟಿ ಐತಿ. ಇಂಗ್ಲಿಷಿನಾಗ ಏನೋ ಬರದಾರ. ಏನೈತ್ರಿ ಅದು?"

ನಾನು ಬಗ್ಗಿ ನೋಡಿದೆ. ಬೆರಳುಗುರಿನಷ್ಟು ಬಟ್ಟೆಯ ಚೀಟಿ, ಅದರ ಮೇಲೆ ಏರ್‌ಬ್ಯಾಗ್ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ನಾನು ಪಿಯುಸಿ ಓದಿದವನು, ಓದಲು ಬಂತು. ಅರ್ಧ ಕವರ್ ಆಗಲೇ ಹೊಲಿದಾಗಿತ್ತು. ಬಿಚ್ಚಿ ಮತ್ತೆ ಹೊಲಿಯಲು ಒಂದು ತಾಸು ಬೇಕು. ಹಿಂದಿನಿಂದ ಯಾರೋ "ಕೊಟ್ರಬಸಪ್ಪನವರ, ನಮ್ದೇನಾತ್ರಿ?" ಎಂದು ಮೂರನೇ ಸಲ ಕೂಗಿದ.

"ಕಂಪನಿ ಚೀಟಿ ಅದು. ಒಳಗ ಹಾಕಿ ಹೊಲದು ಬಿಡು, ತಲಿ ತಿನಬ್ಯಾಡ" ಎಂದೆ.

ಅವಳು ಹೊಲಿದಳು. ತಮ್ಮನ ಗಾಡಿ ಎಂದು ಎರಡರ ಬದಲು ಮೂರು ಸಾಲು ಹೊಲಿದಳು. ಸೀಟಿನ ಮೇಲೆ ಒಂದು ಸುಕ್ಕೂ ಇರಲಿಲ್ಲ.

ಯಂಕೇಶ ಬಂದ. ಲಲಿತಾ ಕೂಸನ್ನು ಎತ್ತಿಕೊಂಡು, ತೆಂಗಿನಕಾಯಿ ಹಿಡಿದು ಬಿಸಿಲಲ್ಲಿ ನಿಂತಿದ್ದಳು. ಅವನು ಸೀಟು ನೋಡಿ ಅಕ್ಕನಿಗೆ ಕೈ ಮುಗಿದ. ಅವಳು ನಾಚಿ ಒಳಗೆ ಓಡಿದಳು. ಆಮೇಲೆ ಅವನು ಮೆಲ್ಲಗೆ ನನ್ನ ಹತ್ತಿರ ಬಂದು, "ಬಗಲಿಗೆ ಬಿಟ್ಟೀರಿ ಹೌದಲ್ರಿ ಅಣ್ಣಾರ?" ಎಂದು ಕೇಳಿದ.

"ಹೂಂ" ಎಂದೆ.

ಮೊದಲ ಸರ್ವಿಸಿಗೆ ಬಂದಾಗ ನೆಪ ಹೇಳಿ ಬಿಚ್ಚಿಸಿದರಾಯಿತು ಎಂದುಕೊಂಡೆ. ಸರ್ವಿಸೂ ಆಯಿತು. ನನಗೆ ನೆನಪೇ ಆಗಲಿಲ್ಲ. ಥೂ, ನೆನಪಾಗಲಿಲ್ಲ ಅನ್ನುವುದೂ ಸುಳ್ಳು. ಒಂದು ಸಲ ಆಗಿತ್ತು. ಊಟ ಮಾಡುತ್ತಿದ್ದೆ, ಬಿಡು ಏನಾಗ್ತೈತಿ, ಐದು ಸ್ಟಾರ್ ಗಾಡಿ ಅಂದುಕೊಂಡು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ನವೆಂಬರಿನಲ್ಲಿ ಭತ್ತದ ಸುಗ್ಗಿ. ಗಂಗಾವತಿ ಕಡೆಯಿಂದ ಬರುವಾಗ, ಸಂಜೆ ಐದಕ್ಕೆ, ಕಾಲುವೆ ದಾರಿಯಿಂದ ಭತ್ತ ತುಂಬಿದ ಟ್ರ್ಯಾಕ್ಟರು ನೋಡದೆ ಮುಖ್ಯ ರಸ್ತೆಗೆ ನುಗ್ಗಿ ಡ್ರೈವರ್ ಬಾಗಿಲಿಗೆ ಬಡಿಯಿತು. ಯಂಕೇಶ ಬೆಲ್ಟ್ ಹಾಕಿದ್ದ. ನಿಧಾನಕ್ಕೇ ಬರುತ್ತಿದ್ದ. ಕೂಸನ್ನು ಮುಂದೆ ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇನೆ ಎಂದ ಲಲಿತಾಳನ್ನು ಬೈದು ಹಿಂದಿನ ಸೀಟಿನ ಎಡಕ್ಕೆ ಕೂರಿಸಿದ್ದ. ಅವರಿಬ್ಬರಿಗೂ ಏನೂ ಆಗಲಿಲ್ಲ. ಬಾಗಿಲ ಮೇಲಿನ ಅಂಚಿನಿಂದ ಪರದೆಯಂತೆ ಇಳಿದ ಇನ್ನೊಂದು ಏರ್‌ಬ್ಯಾಗ್ ಅವನ ತಲೆಯನ್ನು ಉಳಿಸಿತ್ತು, ಮುಖದ ಮೇಲೆ ಒಂದು ಗೀರೂ ಇರಲಿಲ್ಲ. ಎದೆಗೂಡು ಮಾತ್ರ ಒಳಗೆ ಹೋಗಿತ್ತು. ಆಸ್ಪತ್ರೆಯ ಬಾಗಿಲು ಮುಟ್ಟುವ ಮೊದಲೇ ಉಸಿರು ನಿಂತಿತ್ತು.

ಮಣ್ಣಿಗೆ ಬಂದ ಜನ ಬಾಯಿ ಸುಮ್ಮನಿಟ್ಟುಕೊಂಡರೇ? "ಐದು ಸ್ಟಾರ್ ಅಂತಿದ್ದ, ಏನಾತು?" "ನಾ ಅವತ್ತ ತಗಡು ಒತ್ತಿ ನೋಡಿ ಹೇಳಿದ್ನೆಲ್ಲ, ಡಬ್ಬಿ ಗಾಡಿ ಅಂತ." ಗುಂಡಿಯ ಪಕ್ಕದಲ್ಲೇ ನಿಂತು ಹೀಗೆ ಮಾತಾಡಿದರು. ಮಹೇಶ್ವರಿ ಅಳಲಿಲ್ಲ. ಅವಳು ಹೇಳುತ್ತಿದ್ದುದು ಒಂದೇ ಮಾತು, "ಎಲ್ಲಾ ನೋಡಿ ತಗೊಂಡಿದ್ನಲ್ಲ, ಎಲ್ಲಾ ನೋಡಿ ತಗೊಂಡಿದ್ನಲ್ಲ."

ಹತ್ತು ದಿನದ ಮೇಲೆ ಗ್ಯಾರೇಜಿನ ಅಂಗಳಕ್ಕೆ ವಿಮೆಯ ಸರ್ವೇಯರ್ ಬಂದ. ಕಾರಿನಲ್ಲಿ ಉಳಿದ ಸಾಮಾನು ತೆಗೆದುಕೊಳ್ಳಲು ಲಲಿತಾ, ಅವಳ ಅಣ್ಣ, ಮಹೇಶ್ವರಿ ಬಂದಿದ್ದರು. ಜೊತೆಗೆ ನಾನೂ ಹೋಗಿದ್ದೆ. ಯಾಕೆ ಹೋದೆನೋ. ಮಹೇಶ್ವರಿ ಹಿಂದಿನ ಸೀಟಿನ ಕೆಳಗಿನಿಂದ ಕೂಸಿನ ಒಂದು ಚಪ್ಪಲಿ ಹುಡುಕಿ ತೆಗೆದಳು. ಸರ್ವೇಯರ್ ಮುಂದಿನ ಸೀಟಿನ ಪಕ್ಕೆಯನ್ನು ಮುಟ್ಟಿ ನೋಡಿ, ಜೇಬಿನಿಂದ ಬ್ಲೇಡು ತೆಗೆದ. ಕೊಯ್ದ. ಹೊಲಿಗೆ ಬಗ್ಗಲಿಲ್ಲ, ಬಟ್ಟೆಯನ್ನೇ ಸೀಳಬೇಕಾಯಿತು. ಒಳಗೆ ಬಿಳಿ ಚೀಲ ಮುದ್ದೆಯಾಗಿ ಸಿಕ್ಕಿಕೊಂಡಿತ್ತು.

"ಬಂದಿದ್ರ ಉಳೀತಿದ್ರೋ ಇಲ್ಲೋ, ಹಂಗ ಬರದು ಕೊಡಾಕ ಆಗಂಗಿಲ್ಲ" ಎಂದ ಆತ. "ಆದ್ರ ಇದಕ್ಕ ಹೊರಗ ಬರಾಕ ದಾರಿನ ಇರಲಿಲ್ಲ. ಇಷ್ಟು ಗಟ್ಟಿ ಹೊಲಿಗಿ ಯಾರು ಹಾಕಿದ್ದು?"

ಇಷ್ಟು ವರ್ಷ ಆ ಪ್ರಶ್ನೆಗೆ ಅವಳು ಎದೆ ಸೆಟೆದು ಉತ್ತರ ಕೊಡುತ್ತಿದ್ದಳು. ಈಗಲೂ ತಡಮಾಡಲಿಲ್ಲ. "ನಾನರಿ" ಎಂದಳು.

ಅವನು ಹೊಲಿಗೆಯ ಒಳಗೆ ಮಡಚಿಕೊಂಡಿದ್ದ ಚೀಟಿಯನ್ನು ಉಗುರಿನಿಂದ ಬಿಡಿಸಿ ತೋರಿಸಿದ. "ಏರ್‌ಬ್ಯಾಗ್ ಅಂತ ಇಲ್ಲೇ ಬರದೈತಲ್ಲಮ್ಮಾ. ಓದಲಿಲ್ಲೇನು?"

"ಇಂಗ್ಲಿಷ್ ಬರಂಗಿಲ್ಲರಿ."

"ಬಂದೋರನ್ನ ಕೇಳಬೇಕಿತ್ತಲ್ಲ?"

ಮಹೇಶ್ವರಿ ನನ್ನ ಕಡೆ ನೋಡಿದಳು. ನಾನು ಕಾರಿನ ಟಯರು ನೋಡುತ್ತ ನಿಂತೆ.

"ಕೇಳಲಿಲ್ಲರಿ" ಎಂದಳು.

ಲಲಿತಾಳ ಕಿರುಚಾಟ ಈಗಲೂ ನನ್ನ ಕಿವಿಯಲ್ಲಿದೆ. "ನಿನ್ನ ಕೈಯಾರೆ ಹೊಲದು ಕೊಂದೆಲ್ಲಾ! ಅವರು ಬ್ಯಾಡ ಬ್ಯಾಡ ಅಂದ್ರೂ ಹಟ ಹಿಡದು ಹೊಲದೆಲ್ಲಾ!" ಎಂದು ಆ ಪುಟ್ಟ ಚಪ್ಪಲಿಯನ್ನು ಕಿತ್ತುಕೊಂಡಳು. "ಆ ಕೈಲೆ ನನ್ನ ಕೂಸನ್ನ ಮುಟ್ಟಿದ್ರ ನೋಡು" ಎಂದಳು. ಕೂಸನ್ನು ಕರೆದುಕೊಂಡು ಕುಷ್ಟಗಿಯ ತವರಿಗೆ ಹೋದಳು. ಮಹೇಶ್ವರಿ ಎರಡು ಸಲ ಅಲ್ಲಿಗೆ ಹೋದಳು. ಒಮ್ಮೆ ಬಾಗಿಲು ತೆಗೆಯಲಿಲ್ಲ. ಇನ್ನೊಮ್ಮೆ ಕೂಸು ಕಿಟಕಿಯಿಂದ "ಅತ್ತೀ" ಎಂದು ಕೂಗಿತು, ಒಳಗಿನಿಂದ ಯಾರೋ ಅದರ ಬೆನ್ನಿಗೆ ಬಾರಿಸಿದರು. ಆಮೇಲೆ ಅವಳು ಹೋಗಿಲ್ಲ.

ಕುಷ್ಟಗಿ ಇಲ್ಲಿಂದ ದೂರವೇನಲ್ಲ, ದಿನಾ ಬಸ್ಸಿದೆ. ನಾನು ಹೋಗಿ, "ಅಕಿ ಕೇಳಿದ್ಲವ್ವಾ, ಸುಳ್ಳು ಹೇಳಿದಾಂವ ನಾನು" ಎಂದರೆ ಸಾಕು. ಮೂರು ಸಲ ಬಸ್ ಸ್ಟ್ಯಾಂಡಿನ ತನಕ ಹೋಗಿದ್ದೇನೆ. ಚಹಾ ಕುಡಿದು ವಾಪಸ್ ಬಂದಿದ್ದೇನೆ. ಇಂಥವನು ನಾನು.

ತಿಂಗಳಾದ ಮೇಲೆ ಮಹೇಶ್ವರಿ ಕೆಲಸಕ್ಕೆ ಬಂದಳು. ಗಿರಾಕಿ ಇಲ್ಲದ ಹೊತ್ತು ನೋಡಿ ಕೇಳಿಯೇಬಿಟ್ಟೆ, "ಅವತ್ತ ನನ್ನ ಹೆಸರು ಯಾಕ ಹೇಳಲಿಲ್ಲ ಮಹೇಶ್ವರಿ?" ಎಂದು. ಉಪಕಾರ ಮಾಡಿದ್ದಾಳೆ ಎಂದೇ ನಾನು ತಿಳಿದಿದ್ದೆ.

ಅವಳು ದಾರಕ್ಕೆ ಮೇಣ ಹಚ್ಚುತ್ತಿದ್ದಳು. "ಹೇಳಿದ್ರ ನಾಕ ಮಂದಿ ನಿಮ್ಮನ್ನ ಬಡೀತಿದ್ರು. ಬಡಸ್ಕೊಂಡು ನೀವು ಹಗೂರ ಆಗಿ ಬಿಡ್ತಿದ್ರಿ" ಎಂದಳು.

ಈಗಲೂ ಅದೇ ಕೋಣೆ, ಅದೇ ಮೇಣದ ದಾರ. ಏರ್‌ಬ್ಯಾಗ್ ಇರುವ ಸೀಟಿನ ಬಗಲನ್ನು ಮಾತ್ರ ಬಿಟ್ಟು ಹೊಲಿಯುತ್ತಾಳೆ. "ಇದೇನ್ರಿ, ಬಾಯಿ ತೆರದಂಗ ಕಾಣ್ತೈತಿ, ಮುಚ್ಚಿಬಿಡ್ರಿ" ಎಂದು ಗಿರಾಕಿಗಳು ಜಗಳ ತೆಗೆಯುತ್ತಾರೆ. ಮುಚ್ಚುವುದಿಲ್ಲ ಎಂದರೆ ಪಕ್ಕದ ಅಂಗಡಿಗೆ ಹೋಗಿ ಮುಚ್ಚಿಸಿಕೊಂಡು ಹೋಗುತ್ತಾರೆ.

ಆ ಆರು ಅಕ್ಷರ ಯಾವುವೆಂದು ಅವಳಿಗೆ ಈಗ ಚೆನ್ನಾಗಿ ಗೊತ್ತು. ಆದರೂ ಒಂದೊಂದು ಹೊಸ ಕಾರು ಬಂದಾಗಲೂ ಸೀಟಿನ ಪಕ್ಕೆಯ ಚೀಟಿಯನ್ನು ಬೆರಳಿನಿಂದ ಹಿಡಿದು ನನ್ನನ್ನು ಕರೆಯುತ್ತಾಳೆ. ಗಲ್ಲಾಪೆಟ್ಟಿಗೆಯ ಮುಂದೆ ಎಷ್ಟೇ ಜನ ಇರಲಿ, ನಾನು ಎದ್ದು ಹೋಗಿ ಅದನ್ನು ಓದಿ ಹೇಳಬೇಕು. ಎಡದ ಸೀಟಿಗೊಮ್ಮೆ, ಬಲದ ಸೀಟಿಗೊಮ್ಮೆ.

ನಿನ್ನೆ ಐದು ಕಾರು ಬಂದಿದ್ದವು. ಕೊನೆಯದರ ಚೀಟಿಯನ್ನು ನಾನು ಬಾಯೊಳಗೇ ಗುಣುಗಿದೆ.

"ಏನೈತ್ರಿ ಮಾಲಕರ ಇದರಾಗ?" ಎಂದಳು. "ಕೇಳಸಲಿಲ್ಲ. ಜೋರಾಗಿ ಓದ್ರಿ."

ನಾನು ಜೋರಾಗಿ ಓದಿದೆ.